ಹಿಮ ತಳ್ಳುವ ಟ್ರ್ಯಾಕ್ಟರ್‌ನ ಟೈರ್‌ಗೆ ದ್ರವ ತುಂಬಿಸಿದ್ದು

ಗಾರ್ಡನ್ ಟ್ರ್ಯಾಕ್ಟರ್‌ನ ಮುಂದೆ ಬ್ಲೇಡ್ ಕಟ್ಟಿ ಹಿಮ ತಳ್ಳಲು ಹೊರಟವರಿಗೆ ಮೊದಲ ಚಳಿಗಾಲದಲ್ಲೇ ಒಂದು ವಿಷಯ ಗೊತ್ತಾಗುತ್ತದೆ. ಎಂಜಿನ್ ಸುಸ್ತಾಗುವುದಕ್ಕೆ ಎಷ್ಟೋ ಮುಂಚೆ ಚಕ್ರ ಜಾರುತ್ತದೆ. ಎಂಜಿನ್ 20 ಹಾರ್ಸ್‌ಪವರ್ ಇದ್ದರೂ ಅಷ್ಟೇ, 25 ಇದ್ದರೂ ಅಷ್ಟೇ. ಆ ಶಕ್ತಿಯೆಲ್ಲ ನೆಲ ಮುಟ್ಟಬೇಕಾದದ್ದು ಹಿಂದಿನ ಎರಡು ಟೈರ್‌ಗಳ ಮೂಲಕ. ಅಲ್ಲಿ ತೂಕ ಇಲ್ಲದಿದ್ದರೆ ಟೈರ್ ಸುಮ್ನೆ ತಿರುಗುತ್ತದೆ, ಕೆಳಗಿನ ಹಿಮವನ್ನು ಉಜ್ಜಿ ನುಣ್ಣಗೆ ಮಾಡುತ್ತದೆ, ಆಮೇಲೆ ಇನ್ನೂ ಚೆನ್ನಾಗಿ ಜಾರುತ್ತದೆ.

ಇಂಥ ಗಾಡಿಗಳಲ್ಲಿ ಎಂಜಿನ್ ಮುಂದಿರುತ್ತದೆ. ಅದರ ಮುಂದೆ ಕಬ್ಬಿಣದ ಬ್ಲೇಡ್. ಬ್ಲೇಡ್ ಎತ್ತಿದಾಗ ಅದರ ಭಾರವೆಲ್ಲ ಮುಂದಿನ ಆಕ್ಸಲ್ ಆಚೆಗೆ ನೇತಾಡುತ್ತದೆ, ಹಿಂದಿನ ಚಕ್ರ ಮತ್ತಷ್ಟು ಹಗುರವಾಗುತ್ತದೆ. ಸಾಲದ್ದಕ್ಕೆ ಎಂಜಿನ್ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್. ಲಾಕ್ ಇಲ್ಲದ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಮಂಜುಗಡ್ಡೆಯ ಮೇಲೆ ಸಿಕ್ಕಿದರೆ ಅದೊಂದೇ ಗಿರಗಿರ ತಿರುಗುತ್ತದೆ, ಇನ್ನೊಂದು ಅಲ್ಲಾಡುವುದೇ ಇಲ್ಲ. ನಮ್ಮ ಡ್ರೈವ್‌ವೇ ಇಳಿಜಾರಿನಲ್ಲಿದೆ. ಕೆಳಕ್ಕೆ ತಳ್ಳುವುದು ಸುಲಭ. ಮೇಲೆ ಬರುವಾಗ ಅರ್ಧ ದಾರಿಯಲ್ಲಿ ನಿಂತು ಹಿಂದಕ್ಕೆ ಜಾರುವುದು ಪ್ರತಿ ಸಲದ ಕಥೆ. ಟೈರ್‌ಗೆ ಕಬ್ಬಿಣದ ಚೈನ್ ಸುತ್ತಿ ಹಾಕಿಯೇ ಇದ್ದೆ. ಚೈನ್ ಮಂಜುಗಡ್ಡೆಯನ್ನು ಕಚ್ಚಬೇಕಾದರೆ ಅದರ ಮೇಲೆ ಭಾರ ಬೀಳಬೇಕಲ್ವಾ? ಭಾರ ಸಾಲದ ಚೈನ್ ಮೇಲ್ಮೈಯನ್ನು ಕೆರೆಯುತ್ತದೆ, ಒಳಗೆ ಇಳಿಯುವುದಿಲ್ಲ.

ಹಿಂದೆ ತೂಕ ಕೂರಿಸಲು ದಾರಿಗಳು ಬೇಕಾದಷ್ಟಿವೆ. ಚಕ್ರಕ್ಕೆ ಬೋಲ್ಟ್ ಮಾಡುವ ಎರಕದ ಕಬ್ಬಿಣದ ತೂಕಗಳು ಸಿಗುತ್ತವೆ. ಹಿಂಬದಿಗೆ ಬ್ರಾಕೆಟ್ ಹಾಕಿ ತೂಕ ನೇತುಹಾಕಬಹುದು. ಮರಳಿನ ಚೀಲ ಕಟ್ಟಿಕೊಂಡು ಓಡಾಡುವವರೂ ಇದ್ದಾರೆ. ನನಗೆ ಟೈರ್‌ನೊಳಗೆ ದ್ರವ ತುಂಬಿಸುವುದು ಹಿಡಿಸಿತು. ದೊಡ್ಡ ಕೃಷಿ ಟ್ರ್ಯಾಕ್ಟರ್‌ಗಳಲ್ಲಿ ಇದು ಹಳೆಯ ಪದ್ಧತಿ. ತೂಕ ಅತಿ ಕೆಳಗೆ ಕೂರುತ್ತದೆ, ಹಾಗಾಗಿ ಇಳಿಜಾರಿನಲ್ಲಿ ಗಾಡಿ ಅಡ್ಡ ವಾಲುವ ಭಯ ಕಡಿಮೆ. ಹೊರಗೆ ಏನೂ ಚಾಚಿಕೊಳ್ಳುವುದಿಲ್ಲ, ಗೇಟಿಗೆ ತಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಟೈರ್‌ನೊಳಗಿನ ದ್ರವದ ಭಾರ ಆಕ್ಸಲ್ ಮೇಲೆ ಬೀಳುವುದಿಲ್ಲ. ಟೈರ್ ಮೂಲಕ ನೇರ ನೆಲಕ್ಕೆ ಹೋಗುತ್ತದೆ. ಹಿಂಬದಿಯ ಬ್ರಾಕೆಟ್‌ಗೆ ನೇತುಹಾಕಿದ ತೂಕವಾದರೆ ಫ್ರೇಮ್ ಹೊರಬೇಕು, ಬೇರಿಂಗ್ ಹೊರಬೇಕು.

ಹಾಗಂತ ಗಾಡಿಗೆ ಯಾವ ಒತ್ತಡವೂ ಇಲ್ಲ ಎಂದಲ್ಲ. ಚಕ್ರ ಜಾರುವುದು ಒಂದು ಲೆಕ್ಕದಲ್ಲಿ ಟ್ರಾನ್ಸ್‌ಆಕ್ಸಲ್‌ಗೆ (ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಒಂದಾಗಿರುವ ಭಾಗ) ಇರುವ ಫ್ಯೂಸ್. ಬ್ಲೇಡ್ ಅಲ್ಲಾಡದ ರಾಶಿಗೆ ಗುದ್ದಿದಾಗ ಚಕ್ರ ಜಾರಿದರೆ ಒಳಗಿನ ಗೇರ್‌ಗಳು ಬಚಾವ್. ಹಿಡಿತ ಜಾಸ್ತಿಯಾದರೆ ಆ ಪೆಟ್ಟೆಲ್ಲ ಒಳಗೆ ಹೋಗುತ್ತದೆ. ಹುಲ್ಲು ಕತ್ತರಿಸಲೆಂದೇ ಮಾಡಿದ ಹಗುರ ಲಾನ್ ಟ್ರ್ಯಾಕ್ಟರ್‌ಗಳ ಹೈಡ್ರೋಸ್ಟ್ಯಾಟಿಕ್ (ಎಣ್ಣೆಯ ಒತ್ತಡದಿಂದ ನಡೆಯುವ) ಟ್ರಾನ್ಸ್‌ಆಕ್ಸಲ್ ಇದನ್ನು ಬಹಳ ದಿನ ತಾಳುವುದಿಲ್ಲ. ಅದಕ್ಕೇ ಮೊದಲು ಮ್ಯಾನ್ಯುಯಲ್ ತೆಗೆದು ನೋಡಿದೆ. ಹಿಂದಿನ ಚಕ್ರಕ್ಕೆ ಎಷ್ಟು ತೂಕ ಹಾಕಬಹುದು, ದ್ರವ ತುಂಬಿಸಬಹುದೇ ಇಲ್ಲವೇ ಎಂದು ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ. ನನ್ನ ಗಾಡಿಗೆ ಅನುಮತಿ ಇತ್ತು. ನಿಮ್ಮ ಮ್ಯಾನ್ಯುಯಲ್ ಬೇಡ ಎಂದರೆ ಬೇಡ. ಅದರ ಮೇಲೆ ಚರ್ಚೆ ಮಾಡುವುದರಲ್ಲಿ ಅರ್ಥವಿಲ್ಲ.

ಇನ್ನು ಯಾವ ದ್ರವ? ತುಂಬಿಸುವ ಕೆಲಸಕ್ಕಿಂತ ಜಾಸ್ತಿ ಸಮಯ ತಗೊಂಡಿದ್ದು ಈ ಪ್ರಶ್ನೆ. ಎಲ್ಲರೂ ಮೊದಲು ಕೇಳುವುದು ಯಾವುದು ಹೆಚ್ಚು ಭಾರ ಅಂತ. ನಾನು ಬೇರೆ ಕಡೆಯಿಂದ ಯೋಚಿಸಿದೆ. ಟೈರ್ ಎಂದಮೇಲೆ ಒಂದಲ್ಲ ಒಂದು ದಿನ ಸೋರುತ್ತದೆ. ಮುಳ್ಳು ಚುಚ್ಚಬಹುದು, ವಾಲ್ವ್ ಸೀಳಬಹುದು, ಬೀಡ್ (ರಿಮ್‌ಗೆ ಕಚ್ಚಿ ಕೂರುವ ಟೈರ್‌ನ ಅಂಚು) ಸಡಿಲವಾಗಬಹುದು. ಆ ದಿನ ನೆಲದ ಮೇಲೆ ಹರಡುವುದು ಏನು? ಅದನ್ನು ಯಾರು ನೆಕ್ಕಬಹುದು? ಮನೆಯಲ್ಲಿ ನಾಯಿ ಇದೆ. ಪಕ್ಕದ ಮನೆಯ ಬೆಕ್ಕುಗಳಿಗೆ ನಮ್ಮ ಶೆಡ್ಡೇ ಮನೆ. ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಪಟ್ಟಿ ಬೇಗ ಚಿಕ್ಕದಾಗುತ್ತದೆ.

ಬರೀ ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿ. ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಟೈರ್‌ನಲ್ಲಿ ಗಾಳಿಗೆ ಜಾಗ ಇರುವುದರಿಂದ ಒಡೆಯದೇ ಇರಬಹುದು. ಆದರೆ ನಿಂತಲ್ಲೇ ಗಟ್ಟಿಯಾದ ನೀರು ಟೈರ್‌ನ ಕೆಳಭಾಗದಲ್ಲಿ ಮಂಜುಗಡ್ಡೆಯಾಗಿ ಕೂತಿರುತ್ತದೆ. ಬೆಳಗ್ಗೆ ಗಾಡಿ ಹೊರಟರೆ ಒಂದೊಂದು ಸುತ್ತಿಗೂ ಕುಪ್ಪಳಿಸುತ್ತದೆ. ಚಳಿ ಊರಿಗೆ ಇದು ಆಗದ ಮಾತು.

ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಹಳಬರ ಆಯ್ಕೆ. ಲೀಟರ್‌ಗೆ 1.3 ಕಿಲೋ ಹತ್ತಿರ ತೂಗುತ್ತದೆ, ಭಯಂಕರ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ತೂಕವೊಂದನ್ನೇ ನೋಡಿದರೆ ಇದಕ್ಕೆ ಸಾಟಿ ಕಡಿಮೆ. ಆದರೆ ಅದು ಉಪ್ಪು. ಉಕ್ಕಿನ ರಿಮ್ಮನ್ನು ತಿಂದುಹಾಕುತ್ತದೆ. ಟ್ಯೂಬ್ ಹಾಕಿ ತುಂಬಿಸಿದರೆ ಸ್ವಲ್ಪ ವಾಸಿ, ಆದರೂ ವಾಲ್ವ್ ಸುತ್ತ ಒಂದು ಹನಿ ಜಿನುಗಿದರೆ ತುಕ್ಕು ಅಲ್ಲಿಂದಲೇ ಶುರು. ಹಳೆಯ ಟ್ರ್ಯಾಕ್ಟರ್‌ಗಳ ರಿಮ್‌ನಲ್ಲಿ ವಾಲ್ವ್ ರಂಧ್ರದ ಸುತ್ತ ಕೊಳೆತ ಭಾಗ ನೋಡಿದ್ದರೆ ಅದರ ಕಾರಣ ಹೆಚ್ಚಾಗಿ ಇದೇ. ಸೋರಿದರೆ ಆ ಜಾಗದ ಹುಲ್ಲೂ ಹೋಯಿತು.

ಕಾರಿನ ಗಾಜು ತೊಳೆಯುವ ಚಳಿಗಾಲದ ವಾಷರ್ ದ್ರವ ಬಹಳ ಜನ ಹಾಕುತ್ತಾರೆ. ಎಲ್ಲ ಕಡೆ ಸಿಗುತ್ತದೆ, ಕಲಸುವ ಗೋಜಿಲ್ಲ. ಮೈನಸ್ 29 ಡಿಗ್ರಿವರೆಗೆ ಎಂದು ಬರೆದ ಕ್ಯಾನ್‌ಗಳು ಸಾಮಾನ್ಯ. ಆದರೆ ಅದರಲ್ಲಿ ಸಾಮಾನ್ಯವಾಗಿ ಇರುವುದು ಮೆಥನಾಲ್. ವಿಷ, ಜೊತೆಗೆ ಬೆಂಕಿ ಹಿಡಿಯುವ ವಸ್ತು. ನೀರಿಗಿಂತ ಸ್ವಲ್ಪ ಹಗುರ ಬೇರೆ. ತೂಕಕ್ಕಾಗಿ ಹಾಕುವ ದ್ರವ ನೀರಿಗಿಂತ ಹಗುರವಾಗಿದ್ದರೆ ಸ್ವಲ್ಪ ತಮಾಷೆಯೇ. ಹಾಗಿದ್ದೂ ಇದನ್ನು ಹಾಕಿಕೊಂಡು ವರ್ಷಗಟ್ಟಲೆ ನೆಮ್ಮದಿಯಾಗಿ ಇರುವವರು ಇದ್ದಾರೆ. ನನಗೆ ಒಗ್ಗಲಿಲ್ಲ.

ಕಾರಿನ ರೇಡಿಯೇಟರ್‌ಗೆ ಹಾಕುವ ಮಾಮೂಲಿ ಆಂಟಿಫ್ರೀಜ್ ಎಂದರೆ ಎಥಿಲೀನ್ ಗ್ಲೈಕಾಲ್. ಕೆಲಸಕ್ಕೆ ಚೆನ್ನ. ಆದರೆ ಅದಕ್ಕೆ ಸಿಹಿ ರುಚಿ ಇದೆ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಇದನ್ನು ಎರಡನೇ ಮಾತಿಲ್ಲದೆ ಬಿಟ್ಟೆ.

ಬೀಟ್ ರಸ ಎಂದು ಕರೆಯುವುದು ಸಕ್ಕರೆ ಬೀಟ್‌ನಿಂದ ಸಕ್ಕರೆ ತೆಗೆಯುವಾಗ ಸಿಗುವ ಉಪ ಉತ್ಪನ್ನ. ಟೈರ್‌ಗೆಂದೇ ರಿಮ್ ಗಾರ್ಡ್ ಎಂಬ ಹೆಸರಲ್ಲಿ ಮಾರುತ್ತಾರೆ. ಲೀಟರ್‌ಗೆ 1.28 ಕಿಲೋ ತೂಗುತ್ತದೆ, ಮೈನಸ್ 37ರ ತನಕ ತಡೆಯುತ್ತದೆ, ವಿಷವಲ್ಲ, ರಿಮ್ಮನ್ನೂ ತಿನ್ನುವುದಿಲ್ಲ. ಕಾಗದದ ಮೇಲೆ ಇದೇ ಮೊದಲನೆಯದು. ತೊಂದರೆ ಏನೆಂದರೆ ಇದನ್ನು ಡೀಲರ್‌ಗಳು ತಮ್ಮ ಪಂಪ್‌ನಿಂದ ತುಂಬಿಸಿ ಕೊಡುವುದೇ ಹೆಚ್ಚು. ಚಕ್ರ ಬಿಚ್ಚಿ ಒಯ್ಯಬೇಕು, ತುಂಬಿದ ಚಕ್ರ ವಾಪಸ್ ತರಬೇಕು. ಹತ್ತಿರದಲ್ಲಿ ಡೀಲರ್ ಇರುವವರು ಕಣ್ಣುಮುಚ್ಚಿ ಇದನ್ನೇ ಹಾಕಿಸಬಹುದು.

ನಾನು ಆರಿಸಿದ್ದು ಪ್ರೊಪಿಲೀನ್ ಗ್ಲೈಕಾಲ್. ವಿಷದ ಅಂಶ ಬಹಳ ಕಡಿಮೆ, ಆಹಾರದಲ್ಲೂ ಬಳಸುವ ವಸ್ತು. ಆಂಟಿಫ್ರೀಜ್ ಎಂದು ಮಾರುವುದರಲ್ಲಿ ತುಕ್ಕು ತಡೆಯುವ ಬೇರೆ ರಾಸಾಯನಿಕ ಸೇರಿರುತ್ತದೆ, ಹಾಗಾಗಿ ಕುಡಿಯುವ ಪದಾರ್ಥವಂತೂ ಅಲ್ಲ. ನೆಲಕ್ಕೆ ಸೋರಿದರೆ ಗಾಬರಿ ಬೀಳದೆ ತೊಳೆಯಬಹುದು ಎನ್ನುವಷ್ಟು ಧೈರ್ಯ ಬಂತು, ನನಗೆ ಬೇಕಿದ್ದುದೂ ಅಷ್ಟೇ. ನೀರಿಗಿಂತ ಸ್ವಲ್ಪ ಮಾತ್ರ ಭಾರ. ಆ ಕೊರತೆಯನ್ನು ಒಪ್ಪಿಕೊಂಡೇ ತಗೊಂಡೆ.

ಇಲ್ಲೊಂದು ಎಚ್ಚರಿಕೆ. ಕ್ಯಾಂಪಿಂಗ್ ವಾಹನಗಳ ನೀರಿನ ಪೈಪ್‌ಗೆ ಹಾಕುವ ಗುಲಾಬಿ ಬಣ್ಣದ ಆಂಟಿಫ್ರೀಜ್ ಕೂಡ ಹಲವು ಸಲ ಪ್ರೊಪಿಲೀನ್ ಗ್ಲೈಕಾಲ್‌ನದೇ. ಅದರ ಕ್ಯಾನ್ ಮೇಲೆ ದೊಡ್ಡದಾಗಿ ಮೈನಸ್ 50 ಎಂದು ಇರುತ್ತದೆ. ಅದು ಫ್ಯಾರನ್‌ಹೀಟ್. ಜೊತೆಗೆ ಆ ಸಂಖ್ಯೆ ಪೈಪ್ ಒಡೆಯದೆ ಉಳಿಯುವ ಮಿತಿ. ದ್ರವ ದ್ರವವಾಗಿಯೇ ಇರುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಮೈನಸ್ 10 ಸೆಲ್ಸಿಯಸ್ ದಾಟಿ ಒಂದೆರಡು ಡಿಗ್ರಿ ಇಳಿಯುವಷ್ಟರಲ್ಲಿ ಅದು ಗಂಜಿಯಾಗಲು ಶುರುವಾಗುತ್ತದೆ. ಗಂಜಿಯಾದರೆ ಟೈರ್‌ಗೆ ಹಾನಿ ಇಲ್ಲ, ಆದರೆ ಗಾಡಿ ಎಡವುತ್ತ ಓಡುತ್ತದೆ. ನಾನು ನೀರು ಬೆರೆಸದ ಸಾಂದ್ರ ದ್ರವ ತಗೊಂಡು ಅರ್ಧಕ್ಕರ್ಧ ನೀರು ಸೇರಿಸಿದೆ. ಆ ಪ್ರಮಾಣದಲ್ಲಿ ಮೈನಸ್ 33 ಡಿಗ್ರಿವರೆಗೆ ಚಿಂತೆಯಿಲ್ಲ. ಅಷ್ಟು ಚಳಿ ಬೀಳದ ಕಡೆ 40 ಶೇಕಡಾ ಗ್ಲೈಕಾಲ್ ಸಾಕು, ಮೈನಸ್ 21ರ ತನಕ ಬರುತ್ತದೆ. ಗಡಸು ನೀರು ಬೇಡ, ಬಟ್ಟಿ ಇಳಿಸಿದ ನೀರು ಒಳ್ಳೆಯದು. ತುಕ್ಕು ತಡೆಯುವ ರಾಸಾಯನಿಕಗಳು ಗಡಸು ನೀರಿನ ಲವಣಗಳ ಜೊತೆ ಸೇರಿ ತಳಕ್ಕೆ ಕೂರುತ್ತವೆ.

ನನ್ನ ಹಿಂದಿನ ಟೈರ್ ಅಳತೆ 23×10.50-12 (ಇಂಚಿನಲ್ಲಿ ಟೈರ್ ಎತ್ತರ, ಅಗಲ, ರಿಮ್ ಅಳತೆ). ಮುಕ್ಕಾಲು ಭಾಗ ತುಂಬಿಸಿದರೆ ಒಂದೊಂದಕ್ಕೆ ಸುಮಾರು 34 ಲೀಟರ್ ಹಿಡಿಯುತ್ತದೆ. ನನ್ನ ಮಿಶ್ರಣದಲ್ಲಿ ಅದು ಹತ್ತಿರ ಹತ್ತಿರ 35 ಕಿಲೋ. ಎರಡೂ ಕಡೆ ಸೇರಿ 70. ಬೀಟ್ ರಸವಾಗಿದ್ದರೆ 87 ಬರುತ್ತಿತ್ತು. ಮುಕ್ಕಾಲು ಯಾಕೆ, ಪೂರ್ತಿ ಯಾಕಲ್ಲ ಎಂದು ಕೇಳುವವರಿಗೆ: ದ್ರವ ಕುಗ್ಗುವುದಿಲ್ಲ, ಕುಗ್ಗುವುದು ಗಾಳಿ ಮಾತ್ರ. ಗಾಳಿಗೆ ಜಾಗ ಬಿಡದಿದ್ದರೆ ಕಲ್ಲಿನ ಚಕ್ರದ ಮೇಲೆ ಕೂತ ಹಾಗೆ, ಪ್ರತಿ ಗುಂಡಿಯ ಪೆಟ್ಟೂ ರಿಮ್‌ಗೆ ಮತ್ತು ನಿಮ್ಮ ಬೆನ್ನಿಗೆ.

ಕೆಲಸಕ್ಕೆ ಇಳಿದದ್ದು ಚಳಿ ಶುರುವಾಗುವ ಮುಂಚೆ, ಬಿಸಿಲಿದ್ದ ಒಂದು ದಿನ. ಇದು ಬರೀ ಆರಾಮಕ್ಕಲ್ಲ. ಪ್ರೊಪಿಲೀನ್ ಗ್ಲೈಕಾಲ್ ತಣ್ಣಗಾದಷ್ಟೂ ಮಂದವಾಗುತ್ತದೆ, ಸಣ್ಣ ವಾಲ್ವ್ ರಂಧ್ರದಲ್ಲಿ ಇಳಿಯುವುದೇ ಇಲ್ಲ. ಮೊದಲೇ ದೊಡ್ಡ ಡ್ರಮ್‌ನಲ್ಲಿ ನೀರಿನ ಜೊತೆ ಕಲಸಿಟ್ಟೆ. ಟೈರ್‌ನೊಳಗೆ ಬೇರೆ ಬೇರೆಯಾಗಿ ಸುರಿದು ಅಲ್ಲೇ ಬೆರೆಯಲಿ ಎಂದು ಬಿಡುವುದಕ್ಕಿಂತ ಇದು ಒಳ್ಳೆಯದು, ಅಳತೆಯೂ ಸರಿಯಾಗಿ ಸಿಗುತ್ತದೆ.

ಅದಕ್ಕೂ ಮುಂಚೆ ಟೈರ್ ತಪಾಸಣೆ. ಪಕ್ಕದ ಗೋಡೆಯಲ್ಲಿ ಬಿರುಕು ಇದೆಯಾ, ಬೀಡ್ ಸುತ್ತ ಸಾಬೂನು ನೀರು ಹಚ್ಚಿದರೆ ಗುಳ್ಳೆ ಬರುತ್ತಾ ಎಂದು ನೋಡಿದೆ. ರಬ್ಬರ್ ವಾಲ್ವ್ ಕಾಂಡವನ್ನು ಬೆರಳಿನಿಂದ ಬಗ್ಗಿಸಿ ಬುಡ ಪರೀಕ್ಷಿಸಬೇಕು. ನಮ್ಮದರ ಎಡಗಡೆಯದರಲ್ಲಿ ಕೂದಲೆಳೆಯ ಸೀಳುಗಳಿದ್ದವು. ಬೀಡ್ ಬಿಡಿಸಿ ಎರಡೂ ಕಡೆ ಹೊಸ ವಾಲ್ವ್ ಹಾಕಿಸಿದೆ. ಟೈರ್ ತುಂಬಿದ ಮೇಲೆ ವಾಲ್ವ್ ಬದಲಿಸುವುದು ಎಂದರೆ ಎಲ್ಲ ದ್ರವ ಇಳಿಸಿ ಮತ್ತೆ ಮೊದಲಿಂದ ಶುರು ಮಾಡುವುದು.

ಗಾಡಿಯನ್ನು ಸಮತಟ್ಟಾದ ಕಾಂಕ್ರೀಟ್ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಅಡೆ ಕೊಟ್ಟೆ. ಹಿಂದಿನ ಆಕ್ಸಲ್ ಕೆಳಗೆ ಜ್ಯಾಕ್ ಇಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜ್ಯಾಕ್ ನಂಬಿ ಕೆಲಸ ಮಾಡಬಾರದು. ಟೈರ್ ಮೇಲೆ ಗಾಡಿಯ ಭಾರ ಇರುವಾಗ ಗಾಳಿ ಪೂರ್ತಿ ಬಿಟ್ಟರೆ ಬೀಡ್ ರಿಮ್‌ನಿಂದ ಕಳಚಿಕೊಳ್ಳುತ್ತದೆ. ಹಾಗಾದರೆ ಮತ್ತೆ ಕೂರಿಸಲು ದೊಡ್ಡ ಕಂಪ್ರೆಸರ್ ಬೇಕು. ಎತ್ತುವುದು ಅದಕ್ಕೇ.

ಚಕ್ರ ತಿರುಗಿಸಿ ವಾಲ್ವ್ ಅನ್ನು ನೆತ್ತಿಗೆ, ಗಡಿಯಾರದ 12ರ ಜಾಗಕ್ಕೆ ತಂದೆ. ಮೊದಲು ಪಿನ್ ಒತ್ತಿ ಗಾಳಿ ಬಿಟ್ಟು, ಆಮೇಲೆ ವಾಲ್ವ್‌ನೊಳಗೆ ಗಾಳಿ ತಡೆಯುವ ಪುಟ್ಟ ಭಾಗವಾದ ಕೋರ್ ಬಿಚ್ಚಿದೆ. ಗಾಳಿ ಇರುವಾಗಲೇ ಕೋರ್ ತಿರುಗಿಸಿದರೆ ಅದು ಕೈಗೆ ಸಿಗದೆ ಹಾರಿ ಎಲ್ಲೋ ಬೀಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ತುಂಬಿಸುವುದಕ್ಕೆ ಅತಿ ಸರಳ ದಾರಿ ಬಕೆಟ್ ಎತ್ತರದಲ್ಲಿಟ್ಟು ಪೈಪ್ ಇಳಿಬಿಡುವುದು. ಆದರೆ ಒಂದೇ ರಂಧ್ರ. ದ್ರವ ಒಳಗೆ ಹೋಗಬೇಕು, ಗಾಳಿ ಅಲ್ಲಿಂದಲೇ ಹೊರಬರಬೇಕು. ಸ್ವಲ್ಪ ಇಳಿದು ನಿಂತುಬಿಡುತ್ತದೆ. ಪೈಪ್ ಕಿತ್ತು ಗಾಳಿ ಬಿಡಬೇಕು, ಮತ್ತೆ ಸಿಕ್ಕಿಸಬೇಕು. ಇದಕ್ಕೆಂದೇ ಗಾಳಿ ಬಿಡುವ ಬಟನ್ ಇರುವ ಪುಟ್ಟ ಅಡಾಪ್ಟರ್ ಸಿಗುತ್ತದೆ. ಒಂದು ತುದಿ ವಾಲ್ವ್‌ಗೆ, ಇನ್ನೊಂದು ತುದಿ ನೀರಿನ ಪೈಪ್‌ಗೆ. ನಾನು ಅದನ್ನೇ ಹಾಕಿ, ಡ್ರಮ್‌ನಿಂದ ಒಂದು ಸಣ್ಣ ಟ್ರಾನ್ಸ್‌ಫರ್ ಪಂಪ್‌ನಲ್ಲಿ ತಳ್ಳಿದೆ. ಗಿಡಗಳಿಗೆ ಔಷಧಿ ಹೊಡೆಯುವ ಕೈ ಸ್ಪ್ರೇಯರ್‌ನ ಪೈಪ್ ಜೋಡಿಸಿಯೂ ಮಾಡಬಹುದು, ನಿಧಾನ ಅಷ್ಟೇ.

ಪಂಪ್ ಓಡುತ್ತಿರುವಾಗ ಕೈ ಬಟನ್ ಮೇಲೇ ಇರಬೇಕು. ಒಳಗಿನ ಗಾಳಿಗೆ ದಾರಿ ಸಿಗದಿದ್ದರೆ ಒತ್ತಡ ಏರುತ್ತಲೇ ಹೋಗುತ್ತದೆ. ಇವು 10–12 ಪಿಎಸ್‌ಐನಲ್ಲಿ ಓಡುವ ಟೈರ್‌ಗಳು. ಸ್ವಲ್ಪ ಪಂಪ್, ನಿಲ್ಲಿಸು, ಬಟನ್ ಒತ್ತು, ಬುಸ್ ಎಂದು ಗಾಳಿ, ಜೊತೆಗೆ ನಾಲ್ಕು ಹನಿ ಮುಖಕ್ಕೆ. ಮತ್ತೆ ಪಂಪ್. ಬೇಜಾರಿನ ಕೆಲಸ, ನಿಜ ಹೇಳಬೇಕೆಂದರೆ. ಪಕ್ಕದಲ್ಲಿ ರೇಡಿಯೋ ಇಟ್ಟುಕೊಳ್ಳಿ. ಬಟನ್ ಒತ್ತಿದಾಗ ಗಾಳಿಯ ಬದಲು ಒಂದೇ ಸಮನೆ ದ್ರವ ಬಂದರೆ ಮಟ್ಟ ವಾಲ್ವ್ ತನಕ ಬಂದಿದೆ ಎಂದರ್ಥ. ಅದೇ ಮುಕ್ಕಾಲು. ಡ್ರಮ್ ಮೇಲೆ ಗೆರೆ ಹಾಕಿಟ್ಟಿದ್ದರಿಂದ ಎಷ್ಟು ಹೋಯಿತು ಎಂದು ತಾಳೆ ನೋಡಿದೆ. ಎರಡನೇ ಚಕ್ರಕ್ಕೂ ಅಷ್ಟೇ ಹೋಗುವಂತೆ ನೋಡಿಕೊಂಡೆ. ಒಂದು ಕಡೆ ಹೆಚ್ಚು ಭಾರವಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಕೋರ್ ವಾಪಸ್ ಹಾಕಿ, ವಾಲ್ವ್ ನೆತ್ತಿಯಲ್ಲೇ ಇರುವಾಗ ಗಾಳಿ ತುಂಬಿಸಿ 12 ಪಿಎಸ್‌ಐಗೆ ತಂದೆ. ಗಾಳಿಯ ಜಾಗ ಈಗ ನಾಲ್ಕನೇ ಒಂದು ಭಾಗ. ಹಾಗಾಗಿ ಒತ್ತಡ ಕಣ್ಣೆದುರೇ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಒಂದು ಚಿಕ್ಕ ಸೋರಿಕೆಗೂ ಗೇಜ್ ಮುಳ್ಳು ಕುಸಿಯುತ್ತದೆ. ಅದಕ್ಕೆ ಚಳಿಗಾಲದಲ್ಲಿ ಒತ್ತಡ ನೋಡುವುದು ಜಾಸ್ತಿಯಾಯಿತು. ಪ್ರತಿ ಸಲವೂ ವಾಲ್ವ್ ಮೇಲೆ ತಂದೇ ನೋಡಬೇಕು, ಇಲ್ಲವಾದರೆ ಗೇಜ್‌ನೊಳಗೆ ದ್ರವ ನುಗ್ಗುತ್ತದೆ. ಕಾರಿನ ಒಳ್ಳೆಯ ಗೇಜ್ ಇದಕ್ಕೆ ಬಳಸಬೇಡಿ. ದ್ರವ ತುಂಬಿದ ಟೈರ್‌ಗೆಂದೇ ಬರುವ ಗೇಜ್ ಇದೆ, ಬಳಸಿದ ಮೇಲೆ ನೀರಲ್ಲಿ ತೊಳೆಯಬೇಕು. ಕೊನೆಗೆ ಚೈನ್ ಹಾಕಿದೆ. ಒತ್ತಡ ಸರಿಮಾಡಿದ ಮೇಲೆಯೇ ಚೈನ್ ಬಿಗಿಯುವುದು.

ಹಿಮ ಬಿದ್ದಾಗ ವ್ಯತ್ಯಾಸ ಮೊದಲ ತಳ್ಳಿನಲ್ಲೇ ಗೊತ್ತಾಯಿತು. ಚೈನ್‌ನ ಸದ್ದೇ ಬೇರೆ. ಮುಂಚೆ ಕೆರೆಯುವ ಸದ್ದಿತ್ತು, ಈಗ ಕಟಕಟ ಕಚ್ಚುವ ಸದ್ದು. ಇಳಿಜಾರಿನಲ್ಲಿ ಬ್ಲೇಡ್ ಎತ್ತಿಕೊಂಡು ಮೇಲೆ ಬರುವಾಗ ನಿಲ್ಲಲಿಲ್ಲ. ರಸ್ತೆಯ ಹಿಮ ತಳ್ಳುವ ಗಾಡಿ ಡ್ರೈವ್‌ವೇ ಬಾಯಿಗೆ ಒಟ್ಟಿ ಹೋಗುವ ಗಟ್ಟಿ ಹಿಮದ ದಿಣ್ಣೆ ಇದೆಯಲ್ಲ, ಅದನ್ನು ಈಗ ಅಂಚಿನಿಂದ ಸ್ವಲ್ಪ ಸ್ವಲ್ಪ ಕತ್ತರಿಸಿ ತಳ್ಳಲು ಆಗುತ್ತದೆ. ಓಡಿಬಂದು ಗುದ್ದುವುದನ್ನು ಮಾತ್ರ ಮಾಡುವುದಿಲ್ಲ. ಫ್ಯೂಸ್ ತೆಗೆದಿದ್ದೇನೆ ಎಂಬ ನೆನಪಿದೆ.

ಹಿಂದಿನ ಹಿಡಿತ ಸರಿಹೋದ ಮೇಲೆ ಮುಂದಿನದು ಎದ್ದು ಕಾಣತೊಡಗಿತು. ಬ್ಲೇಡ್ ಓರೆಯಾಗಿಟ್ಟು ತಳ್ಳಿದರೆ ಹಿಮ ಗಾಡಿಯ ಮೂತಿಯನ್ನು ಪಕ್ಕಕ್ಕೆ ನೂಕುತ್ತದೆ. ಮೊದಲು ಹಿಂದಿನ ಚಕ್ರ ಬೇಗ ಜಾರಿ ನಿಲ್ಲುತ್ತಿದ್ದರಿಂದ ಇದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಈಗ ಹಿಂದಿನಿಂದ ಬಲವಾಗಿ ತಳ್ಳುತ್ತದೆ, ಮುಂದೆ ಸ್ಟೀರಿಂಗ್ ತಿರುಗಿಸಿದರೂ ಮೂತಿ ತನ್ನ ಪಾಡಿಗೆ ಹೋಗುತ್ತದೆ. ಓರೆ ಕಡಿಮೆ ಮಾಡಿ, ಒಂದು ಸಲಕ್ಕೆ ತಳ್ಳುವ ಹಿಮದ ಪಟ್ಟಿ ಕಿರಿದು ಮಾಡಿ ತಳ್ಳುವುದು ಇದಕ್ಕೆ ಪರಿಹಾರ. ಇಳಿಯುವಾಗಲೂ ನಿಧಾನ. 70 ಕಿಲೋ ಹೆಚ್ಚುವರಿ ಭಾರ ಹತ್ತುವಾಗ ಸಹಾಯ ಮಾಡುತ್ತದೆ, ಇಳಿಯುವಾಗ ನಿಲ್ಲಿಸಲು ಜಾಸ್ತಿ ದೂರ ಕೇಳುತ್ತದೆ. ಚೈನ್ ತೆಗೆದು ಬರೀ ದ್ರವದ ಭಾರದಲ್ಲಿ ನೋಡಿದೆ. ಹೊಸ ಹಿಮದಲ್ಲಿ ಪರವಾಗಿಲ್ಲ, ಮಂಜುಗಡ್ಡೆಯ ಮೇಲೆ ಏನೂ ಪ್ರಯೋಜನವಿಲ್ಲ. ಎರಡೂ ಬೇಕು.

ಬೇಸಿಗೆಗೆ ದ್ರವ ತೆಗೆಯಬೇಕಾ ಎಂಬುದು ಹುಲ್ಲಿನ ಮೇಲೆ ಎಷ್ಟು ಪ್ರೀತಿ ಎನ್ನುವುದರ ಮೇಲೆ ನಿಂತಿದೆ. ಹಿಮ ಕರಗಿದ ಹೊಸದರಲ್ಲಿ ನೆಲ ಮೆತ್ತಗಿರುತ್ತದೆ. ಆಗ ಭಾರದ ಟೈರ್ ಗುರುತು ಬಿಡುತ್ತದೆ, ತಿರುಗುವಾಗ ಹುಲ್ಲು ಕೀಳುತ್ತದೆ. ನಾನು ತೆಗೆಯಲಿಲ್ಲ. ಇಳಿಜಾರಿನ ಹುಲ್ಲು ಕತ್ತರಿಸುವಾಗಲೂ ಈ ಭಾರ ಧೈರ್ಯ ಕೊಡುತ್ತದೆ, ನೆಲ ಒಣಗುವ ತನಕ ಕಾಯುತ್ತೇನೆ ಅಷ್ಟೇ.

ಪಂಕ್ಚರ್ ಆದರೆ ಮೊದಲು ಚಕ್ರ ತಿರುಗಿಸಿ ತೂತನ್ನು ಮೇಲಕ್ಕೆ ತರಬೇಕು. ಆಗ ದ್ರವ ಸೋರುವುದು ನಿಲ್ಲುತ್ತದೆ, ಬರೀ ಗಾಳಿ ಹೋಗುತ್ತದೆ, ಪ್ಲಗ್ ಹಾಕಲು ಒಣ ಜಾಗ ಸಿಗುತ್ತದೆ. ಚಕ್ರ ಬಿಚ್ಚಬೇಕಾದರೆ ಒಬ್ಬರೇ ಎತ್ತುವ ಯೋಚನೆ ಬೇಡ. ರಿಮ್, ಟೈರ್, ದ್ರವ ಎಲ್ಲ ಸೇರಿ 50 ಕಿಲೋ ಮುಟ್ಟುತ್ತದೆ, ಒಳಗಿನ ದ್ರವ ಅಲ್ಲಾಡಿ ಬೇಕಾದ ಕಡೆಗೆ ವಾಲುವುದೂ ಇಲ್ಲ. ಚಕ್ರ ನೆಲದಿಂದ ಕೂದಲೆಳೆಯಷ್ಟೇ ಎತ್ತರದಲ್ಲಿರುವಾಗ ಕೆಳಗೆ ಹಲಗೆ ತೂರಿಸಿ ಅದರ ಮೇಲೆ ಹೊರಕ್ಕೆ ಉರುಳಿಸುವುದು ಸುಲಭ. ಖಾಲಿ ಮಾಡಲು ವಾಲ್ವ್ ಅನ್ನು 6ರ ಜಾಗಕ್ಕೆ ತಂದು ಕ್ಯಾನ್‌ಗಳಿಗೆ ಇಳಿಸಿಕೊಳ್ಳಬೇಕು. ಚರಂಡಿಗೆ ಬಿಡುವ ವಸ್ತು ಅಲ್ಲ, ಮತ್ತೆ ತುಂಬಿಸಲೂ ಬರುತ್ತದೆ.

ಗಾಡಿಯನ್ನು ರಿಪೇರಿಗೆ ಕೊಟ್ಟಾಗ ಅಲ್ಲಿಯವರಿಗೆ ಟೈರ್‌ನಲ್ಲಿ ಏನಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಯಾರಾದರೂ ಕೆಳಗಿರುವ ವಾಲ್ವ್‌ನ ಕೋರ್ ಬಿಚ್ಚಿದರೆ ಪೂರ್ತಿ ಅವರ ಮೈಮೇಲೆ. ಹಾಗಾಗಿ ರಿಮ್‌ನ ಹೊರಬದಿಯಲ್ಲೇ ಬಿಳಿ ಬಣ್ಣದ ಪೆನ್ನಿನಿಂದ ಬರೆದಿದ್ದೇನೆ: ಪ್ರೊಪಿಲೀನ್ ಗ್ಲೈಕಾಲ್, ಅರ್ಧಕ್ಕರ್ಧ ನೀರು, 34 ಲೀಟರ್, 12 ಪಿಎಸ್‌ಐ.